ಕೂಸು ವಿಜ್ಞಾನಿ ಆಗ್ತೇನೆ ಅಂತಾಳೆ, ಸಂಬಳ ಎಷ್ಟು ಬರ್ತದೆ?

ಪ್ರಶ್ನೆ: ಮೇಡಂ, ನಮ್ಮದು ಶಿರಸಿ ಹತ್ತಿರದ ಹಳ್ಳಿ. ಒಂದೂವರೆ ಎಕರೆ ಅಡಿಕೆ ತೋಟ. ಮಗಳು ಶಿರಸಿಯಲ್ಲೇ ಬಿಎಸ್ಸಿ ಕೊನೆಯ ವರ್ಷದಲ್ಲಿದ್ದಾಳೆ, ಮಗ ಪಿಯುಸಿ. ಕಾರವಾರದಲ್ಲಿ ಮರೈನ್ ಬಯಾಲಜಿ ಎಂಎಸ್ಸಿ ಮಾಡಿ, ಆಮೇಲೆ ಪಿಎಚ್‌ಡಿ ಮಾಡಿ ವಿಜ್ಞಾನಿ ಆಗ್ತೇನೆ ಅಂತಾಳೆ ಕೂಸು. ಅವಳ ಅಪ್ಪ ಬೇಡ ಅನ್ನುವುದಿಲ್ಲ, ಆದರೆ ಲೆಕ್ಕ ಕೇಳುತ್ತಾರೆ. ಭಾವನವರ ಮಗ ಇಂಜಿನಿಯರಿಂಗ್ ಮುಗಿಸಿ 22ನೇ ವಯಸ್ಸಿಗೇ ಬೆಂಗಳೂರಲ್ಲಿ ಸಂಬಳ ತೆಗೆದುಕೊಳ್ಳುತ್ತಿದ್ದಾನೆ. ಪಕ್ಕದ ಮನೆ ಹುಡುಗ ಬಿಎಸ್ಸಿ ಮುಗಿಸಿ ಕೈಗಾ ಅಣುವಿದ್ಯುತ್ ಸ್ಥಾವರಕ್ಕೆ ಸೇರಿದ. ನಮ್ಮ ಕೂಸಿಗೆ ಯಾವ ವಯಸ್ಸಿಗೆ ಎಷ್ಟು ದುಡ್ಡು ಬರುತ್ತದೆ? ಅಲ್ಲಿಯವರೆಗೆ ನಾವೇ ನೋಡಿಕೊಳ್ಳಬೇಕಾ? ಮದುವೆ ವಯಸ್ಸಲ್ಲಿ ಓದುತ್ತಲೇ ಇದ್ದರೆ ಹೇಗೆ ಅಂತ ಅತ್ತೆಯವರ ಚಿಂತೆ. ತೋಟದ ಮೇಲೆ ಸಾಲ ತೆಗೆಯಬೇಕಾಗುತ್ತದಾ? ಸುತ್ತಿ ಬಳಸದೆ ಹೇಳಿ.

ಉತ್ತರ: ಅಕ್ಕಾ, ಸುತ್ತಿ ಬಳಸದೆ ಹೇಳಿ ಅಂದಿದ್ದೀರಿ. ಹಾಗಾಗಿ ಮೊದಲು ಲೆಕ್ಕವನ್ನೇ ಮುಂದಿಡುತ್ತೇನೆ.

ಎಂಎಸ್ಸಿಯ ಎರಡು ವರ್ಷ, ಅಂದರೆ ಸುಮಾರು 23 ವರ್ಷದವರೆಗೆ, ಆದಾಯ ಇಲ್ಲ. ಖರ್ಚು ನಿಮ್ಮದು. ಆಮೇಲೆ ಪಿಎಚ್‌ಡಿಯ ಐದು ವರ್ಷ ಫೆಲೋಶಿಪ್ ಸಿಕ್ಕರೆ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷ ಕಳೆದ ಮೇಲೆ 42,000. ಪಿಎಚ್‌ಡಿ ಮುಗಿದ ನಂತರ, 28ರಿಂದ 32-33ರವರೆಗೆ, ರಿಸರ್ಚ್ ಅಸೋಸಿಯೇಟ್ ಆಗಿ 58,000ದಿಂದ 67,000. ಅಥವಾ ಕೆಲವು ತಿಂಗಳು ಏನೂ ಇಲ್ಲ. ಕಾಯಂ ಹುದ್ದೆ ಸಿಕ್ಕಿದ ದಿನದಿಂದ ಎಲ್ಲ ಸೇರಿ ತಿಂಗಳಿಗೆ ಒಂದು ಲಕ್ಷದ ಆಸುಪಾಸು. 45 ದಾಟುವ ಹೊತ್ತಿಗೆ ಎರಡು ಲಕ್ಷ.

ಇದರಲ್ಲಿ 'ಅಥವಾ ಕೆಲವು ತಿಂಗಳು ಏನೂ ಇಲ್ಲ' ಅಂದೆನಲ್ಲ, ಆ ಮಾತನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಪೇಪರಿನಲ್ಲಿ ಬರುವ ಲೇಖನಗಳಲ್ಲಿ ಸಂಬಳದ ಪಟ್ಟಿ ಇರುತ್ತದೆ, ನಡುವಿನ ಖಾಲಿ ತಿಂಗಳು ಇರುವುದಿಲ್ಲ. ನಿಮ್ಮ ಮನೆಗೆ ನಿಜವಾಗಿ ಬೇಕಾದ ಲೆಕ್ಕ ಆ ಖಾಲಿ ತಿಂಗಳುಗಳದ್ದೇ. ಆದ್ದರಿಂದ ಅದರ ಬಗ್ಗೆ ಜಾಸ್ತಿ ಬರೆಯುತ್ತೇನೆ.

ನಾನು ಕುಮಟಾ ಕಡೆಯವಳು. ಅಪ್ಪನದು ಸಣ್ಣ ಕಿರಾಣಿ ಅಂಗಡಿ. ನಿಮ್ಮ ಮಗಳು ಹೇಳುವ ಕಾರವಾರದ ಕೋಡಿಬಾಗದಲ್ಲೇ, ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವವಿಜ್ಞಾನ ವಿಭಾಗದಲ್ಲಿ ಎಂಎಸ್ಸಿ ಮಾಡಿದೆ. ಅಘನಾಶಿನಿ ಅಳಿವೆಯ ಬಳಚಿನ ಚಿಪ್ಪು ಹೆಕ್ಕುತ್ತಾ ಬೆಳೆದವಳು, ಅದನ್ನೇ ಸಂಶೋಧನೆಯ ವಿಷಯ ಮಾಡಿಕೊಂಡೆ. ಈಗ ಕೇಂದ್ರ ಸರ್ಕಾರದ ಒಂದು ಸಂಸ್ಥೆಯಲ್ಲಿ ವಿಜ್ಞಾನಿ. ಹಾಗಾಗಿ ಮುಂದೆ ಬರುವ ಪ್ರತಿ ಮೆಟ್ಟಿಲೂ ನಾನು ಹತ್ತಿದ್ದೇ.

ಎಂಎಸ್ಸಿ ವಿಷಯ ಬೇಗ ಮುಗಿಸುತ್ತೇನೆ. ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಮೆರಿಟ್ ಸೀಟು ಸಿಕ್ಕರೆ ಫೀ ನಿಮಗೆ ಭಾರ ಆಗುವುದಿಲ್ಲ. ಊಟ, ವಸತಿ, ಓಡಾಟದ್ದೇ ದೊಡ್ಡ ಖರ್ಚು. ಕೇಂದ್ರದ ಇನ್‌ಸ್ಪೈರ್ ಸ್ಕಾಲರ್‌ಶಿಪ್ ಅಂತ ಒಂದಿದೆ. ಹನ್ನೆರಡನೇ ತರಗತಿಯಲ್ಲಿ ಬೋರ್ಡಿನ ಮೊದಲ ಶೇಕಡಾ 1ರೊಳಗೆ ಬಂದು ಮೂಲ ವಿಜ್ಞಾನ ಓದುವವರಿಗೆ ವರ್ಷಕ್ಕೆ 80,000 ರೂಪಾಯಿ. ಆದರೆ ಅದಕ್ಕೆ ಅರ್ಜಿ ಹಾಕಬೇಕಾದದ್ದು ಡಿಗ್ರಿಯ ಮೊದಲ ವರ್ಷದಲ್ಲೇ. ನಿಮ್ಮ ಮಗಳಿಗೆ ಈಗ ತಡವಾಯಿತು. ಪಿಯುಸಿಯಲ್ಲಿರುವ ಮಗನ ಹೆಸರಿನಲ್ಲಿ ನೆನಪಿಟ್ಟುಕೊಳ್ಳಿ.

ಈಗ ಮುಖ್ಯ ವಿಷಯ, ಪಿಎಚ್‌ಡಿ ಫೆಲೋಶಿಪ್. ಸಿಎಸ್‌ಐಆರ್ (ಕೇಂದ್ರದ ವೈಜ್ಞಾನಿಕ ಸಂಶೋಧನಾ ಮಂಡಳಿ) ನೆಟ್ ಅಂತ ಒಂದು ಪರೀಕ್ಷೆ. ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ನಡೆಯುತ್ತದೆ. ಕಡಲ ಜೀವವಿಜ್ಞಾನದವರು ಅದರಲ್ಲಿ ಜೀವವಿಜ್ಞಾನದ ಪತ್ರಿಕೆ ಬರೆಯುತ್ತಾರೆ. ಅದರಲ್ಲಿ ಜೆಆರ್‌ಎಫ್ ಅಂದರೆ ಜೂನಿಯರ್ ರಿಸರ್ಚ್ ಫೆಲೋ ಆಗಿ ಆಯ್ಕೆಯಾದರೆ ತಿಂಗಳಿಗೆ 37,000. ಎರಡು ವರ್ಷದ ಮೇಲೆ ಒಂದು ಸಮಿತಿ ಕೂತು ಕೆಲಸ ನೋಡುತ್ತದೆ. ಒಪ್ಪಿದರೆ ಸೀನಿಯರ್ ಫೆಲೋ, 42,000. ಒಟ್ಟು ಐದು ವರ್ಷ. ಹಾಸ್ಟೆಲ್ ಸಿಗದಿದ್ದರೆ ಮನೆ ಬಾಡಿಗೆ ಭತ್ಯೆ ಪ್ರತ್ಯೇಕ. ಈ ದರ 2023ರ ಜನವರಿ 1ರಿಂದ ಜಾರಿಯಲ್ಲಿದೆ.

ಈ ಮೊತ್ತ ಪ್ರತಿ ವರ್ಷ ಏರುವುದಿಲ್ಲ. ಇದನ್ನು ನಿಮ್ಮ ಮನೆಯವರಿಗೆ ಸರಿಯಾಗಿ ಹೇಳಿ. 2010ರಲ್ಲಿ ಜೆಆರ್‌ಎಫ್ 16,000 ಆಯಿತು. 2014ರಲ್ಲಿ 25,000. 2019ರಲ್ಲಿ 31,000. 2023ರಲ್ಲಿ 37,000. ನೌಕರರಿಗೆ ಆರು ತಿಂಗಳಿಗೊಮ್ಮೆ ತುಟ್ಟಿಭತ್ಯೆ ಏರುತ್ತದೆ, ಫೆಲೋಗಳಿಗೆ ಅದು ಇಲ್ಲ. ನಾಲ್ಕೈದು ವರ್ಷಕ್ಕೊಮ್ಮೆ, ಅದೂ ಹುಡುಗ ಹುಡುಗಿಯರು ಬೀದಿಗಿಳಿದು ಕೇಳಿದ ಮೇಲೆ, ಏರುತ್ತದೆ. ಏರಿಕೆಯ ನಡುವಿನ ವರ್ಷಗಳಲ್ಲಿ ಅಕ್ಕಿ, ಎಣ್ಣೆ, ಬಾಡಿಗೆ ಏರುತ್ತಲೇ ಇರುತ್ತವೆ.

37,000 ಅಂದರೆ ಕಾರವಾರದಂಥ ಊರಲ್ಲಿ ಒಬ್ಬಳೇ ಇರುವ ಹುಡುಗಿಗೆ ಸಾಕು. ಹಾಸ್ಟೆಲಿನಲ್ಲಿದ್ದರೆ ತಿಂಗಳಿಗೆ ಹತ್ತು ಹದಿನೈದು ಸಾವಿರ ಉಳಿಸಲೂಬಹುದು. ಬೆಂಗಳೂರಲ್ಲಿ ಬಾಡಿಗೆ ಮನೆಯಲ್ಲಿದ್ದರೆ ಉಳಿತಾಯದ ಮಾತು ಕಷ್ಟ. ಅಂತೂ ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಇದು: ಜೆಆರ್‌ಎಫ್ ಬಂದರೆ 23ರ ನಂತರ ನೀವು ಸಾಕಬೇಕಾಗಿಲ್ಲ.

ತೋಟದವರಿಗೆ ಇದನ್ನು ಬೇರೆ ಥರ ಹೇಳಬಹುದು. ಅಡಿಕೆ ಸಸಿ ನೆಟ್ಟ ಮೇಲೆ ಫಸಲಿಗೆ ಐದಾರು ವರ್ಷ ಕಾಯುತ್ತೀರಿ. ಆ ವರ್ಷಗಳಲ್ಲಿ ನಡುವೆ ಬಾಳೆ ಹಾಕುತ್ತೀರಿ, ಅಲ್ವಾ? ಫೆಲೋಶಿಪ್ ಆ ಬಾಳೆಯ ಹಾಗೆ. ದೊಡ್ಡ ದುಡ್ಡು ತರುವುದಿಲ್ಲ, ಆದರೆ ಅಡಿಕೆ ಬರುವವರೆಗೆ ಮನೆ ನಡೆಸುತ್ತದೆ. ಬಾಳೆ ಇಲ್ಲದೆ ಬರೀ ಸಸಿ ನೆಟ್ಟು ಕೂತವರ ಪಾಡು ನೋಡಿದ್ದೇನೆ. ಅದಕ್ಕೇ ಇದನ್ನು ಒತ್ತಿ ಹೇಳುತ್ತೇನೆ: ಫೆಲೋಶಿಪ್ ಇಲ್ಲದೆ ಪಿಎಚ್‌ಡಿಗೆ ಸೇರಿಸಬೇಡಿ.

ಇದರಲ್ಲಿ ಮಕ್ಕಳು ಮೋಸ ಹೋಗುವ ಜಾಗ ಒಂದಿದೆ. 2024ರಿಂದ ನೆಟ್ ಫಲಿತಾಂಶ ಮೂರು ಥರ ಬರುತ್ತದೆ. ಮೊದಲನೆಯವರಿಗೆ ಜೆಆರ್‌ಎಫ್. ಎರಡನೆಯವರಿಗೆ ಸಹಾಯಕ ಪ್ರಾಧ್ಯಾಪಕರಾಗುವ ಅರ್ಹತೆ ಮತ್ತು ಪಿಎಚ್‌ಡಿ ಪ್ರವೇಶ. ಮೂರನೆಯವರಿಗೆ ಪಿಎಚ್‌ಡಿ ಪ್ರವೇಶ ಮಾತ್ರ. ಮೂರೂ ಜನ ಮನೆಗೆ ಫೋನ್ ಮಾಡಿ 'ನೆಟ್ ಪಾಸಾಯ್ತು' ಅಂತಲೇ ಹೇಳುತ್ತಾರೆ. ಆದರೆ ತಿಂಗಳ ದುಡ್ಡು ಬರುವುದು ಮೊದಲನೆಯವರಿಗೆ. ಉಳಿದಿಬ್ಬರು ಬೇರೆ ದಾರಿ ಹುಡುಕಬೇಕು. ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ನೆಟ್ ಇಲ್ಲದ ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಇರುವ ಫೆಲೋಶಿಪ್ ಹಲವು ವರ್ಷದಿಂದ ತಿಂಗಳಿಗೆ 8,000ದಲ್ಲೇ ನಿಂತಿದೆ. 8,000ದಲ್ಲಿ 25 ವರ್ಷದ ಹುಡುಗಿ ಹೇಗೆ ಬದುಕಬೇಕು? ಹಾಗೆ ಫೋನ್ ಬಂದ ದಿನ ಖುಷಿಪಡಿ, ಸಿಹಿ ಮಾಡಿ. ಮರುದಿನ ಕೂತು 'ಜೆಆರ್‌ಎಫ್ ಇದೆಯಾ?' ಅಂತ ಕೇಳಿ.

ಮೊದಲ ಸಲಕ್ಕೇ ಜೆಆರ್‌ಎಫ್ ಬರದಿದ್ದರೆ ಪ್ರಾಜೆಕ್ಟ್ ಕೆಲಸಕ್ಕೆ ಸೇರಬಹುದು. ಸಂಶೋಧನಾ ಸಂಸ್ಥೆಗಳಲ್ಲಿ ಪ್ರಾಜೆಕ್ಟ್ ಅಸೋಸಿಯೇಟ್ ಅಂತ ತೆಗೆದುಕೊಳ್ಳುತ್ತಾರೆ. ನೆಟ್ ಅಥವಾ ಗೇಟ್ (ಅಂಥದೇ ಇನ್ನೊಂದು ರಾಷ್ಟ್ರಮಟ್ಟದ ಪರೀಕ್ಷೆ) ಇಲ್ಲದವರಿಗೆ ಜೆಆರ್‌ಎಫ್‌ಗಿಂತ ಕಡಿಮೆ ಕೊಡುತ್ತಾರೆ. ನಮ್ಮ ಕಡೆಯವರಿಗೆ ಇದಕ್ಕೆ ಜಾಗ ಹತ್ತಿರದಲ್ಲೇ ಇವೆ. ಕಾರವಾರದಲ್ಲಿ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಇದೆ, ಸಮುದ್ರದಲ್ಲಿ ಪಂಜರ ಇಟ್ಟು ಮೀನು ಸಾಕುವ ಕೆಲಸಕ್ಕೆ ಹೆಸರಾದದ್ದು. ಗೋವಾದ ದೋನಾಪಾವ್ಲಾದಲ್ಲಿ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆ ಇದೆ. ಒಂದು ವರ್ಷ ಇಂಥ ಕಡೆ ಕೆಲಸ ಮಾಡುತ್ತಾ ಮತ್ತೆ ಪರೀಕ್ಷೆ ಬರೆದರೆ ವರ್ಷ ಹಾಳಾಗುವುದಿಲ್ಲ. ಬೆಳಗ್ಗೆ ನಾಲ್ಕಕ್ಕೆ ದೋಣಿ ಹತ್ತಿ ನೀರು, ಕೆಸರು ತರುವ ಕೆಲಸ ತನಗೆ ಹಿಡಿಸುತ್ತದೋ ಇಲ್ಲವೋ ಅನ್ನುವುದೂ ಅಲ್ಲೇ ತಿಳಿಯುತ್ತದೆ.

ಇನ್ನು ಖಾಲಿ ತಿಂಗಳುಗಳ ಮಾತು.

ಮೊದಲ ಖಾಲಿ ಬರುವುದು ಪಿಎಚ್‌ಡಿಗೆ ಸೇರಿದ ತಕ್ಷಣ. ನಾನು ಸೇರಿದ್ದು 2008ರ ಜುಲೈನಲ್ಲಿ, ಜಿಲ್ಲೆಯ ಹೊರಗಿನ ಒಂದು ಸಂಸ್ಥೆಗೆ. ಆಗ ಜೆಆರ್‌ಎಫ್ ತಿಂಗಳಿಗೆ 12,000. ಮೊದಲ ಹಣ ಕೈಗೆ ಬಂದದ್ದು 2009ರ ಫೆಬ್ರವರಿಯಲ್ಲಿ. ಏಳು ತಿಂಗಳು ಒಂದು ಪೈಸೆ ಇಲ್ಲ. ಸೇರಿದ ವರದಿ ಒಂದು ಮೇಜಿನಲ್ಲಿ, ಗೈಡ್ ಸಹಿ ಮಾಡಿದ ಕಾಗದ ಇನ್ನೊಂದು ಮೇಜಿನಲ್ಲಿ. ಹಣ ಬಿಡುಗಡೆ ಮಾಡುವವರು ದಿಲ್ಲಿಯಲ್ಲಿ. ಹಾಸ್ಟೆಲ್ ಮೆಸ್ಸಿನ ಬಾಕಿ ಏರುತ್ತಾ ಹೋಯಿತು. ಕೊನೆಗೆ ಅಮ್ಮ ತನ್ನ ಎರಡು ಪಾಟ್ಲಿ ಸೊಸೈಟಿಯಲ್ಲಿ ಅಡವಿಟ್ಟು ದುಡ್ಡು ಕಳಿಸಿದಳು. ಫೆಬ್ರವರಿಯಲ್ಲಿ ಒಟ್ಟಿಗೆ 84,000 ಬಂತು. ಮೊದಲು ಪಾಟ್ಲಿ ಬಿಡಿಸಿಕೊಟ್ಟೆ. ಅಮ್ಮ ಏನೂ ಅನ್ನಲಿಲ್ಲ. ಆದರೆ ಆ ಏಳು ತಿಂಗಳು ಊರಿಂದ ಫೋನ್ ಬಂದಾಗಲೆಲ್ಲ ನನಗೆ ಎದೆ ಹೊಡೆದುಕೊಳ್ಳುತ್ತಿತ್ತು.

ಈಗ ಎಲ್ಲ ಆನ್‌ಲೈನ್ ಆಗಿದೆ, ಹಣ ನೇರ ಬ್ಯಾಂಕ್ ಖಾತೆಗೇ ಬೀಳುತ್ತದೆ. ಆದರೂ ತಡ ಆಗುವುದು ನಿಂತಿಲ್ಲ. ನನ್ನ ಬಳಿ ಕೆಲಸ ಮಾಡುವ ಮಕ್ಕಳಿಗೂ ಮೂರು ನಾಲ್ಕು ತಿಂಗಳ ಹಣ ಒಟ್ಟಿಗೆ ಬಂದದ್ದು ಇದೆ. ಎರಡು ಜಾಗದಲ್ಲಿ ಸಾಮಾನ್ಯವಾಗಿ ಸಿಕ್ಕಿಹಾಕಿಕೊಳ್ಳುತ್ತದೆ. ಒಂದು, ಸೇರಿದ ಹೊಸತರಲ್ಲಿ. ಇನ್ನೊಂದು, ಜೂನಿಯರ್‌ನಿಂದ ಸೀನಿಯರ್‌ಗೆ ಏರುವಾಗ ಸಮಿತಿಯ ಕಾಗದ ತಡವಾದರೆ. ಮಾರ್ಚ್ ತಿಂಗಳಲ್ಲಿ ವರ್ಷದ ಅನುದಾನ ಮುಗಿಯುತ್ತಾ ಬಂದಾಗಲೂ ಹೀಗಾಗುತ್ತದೆ. ಇದರಲ್ಲಿ ಮಕ್ಕಳ ತಪ್ಪೇನೂ ಇರುವುದಿಲ್ಲ. ಕೆಲಸ ಮಾಡಿದವರಿಗೆ ತಿಂಗಳ ಕೊನೆಗೆ ಹಣ ಕೊಡುವುದು ದೊಡ್ಡ ವಿಷಯ ಆಗಬಾರದು. ನನಗೆ ಇವತ್ತಿಗೂ ಸಿಟ್ಟು ಬರುವುದು ಇದಕ್ಕೇ. ಬಡವರ ಮನೆಯ ಎಷ್ಟೋ ಜಾಣ ಮಕ್ಕಳು ವಿಜ್ಞಾನ ಬಿಡುವುದು ಬುದ್ಧಿ ಸಾಲದೆ ಅಲ್ಲ, ಈ ಮೂರು ನಾಲ್ಕು ತಿಂಗಳು ತಡೆದುಕೊಳ್ಳಲು ಮನೆಯಲ್ಲಿ ಪಾಟ್ಲಿ ಇಲ್ಲದೆ.

ಎರಡನೇ ಖಾಲಿ ಇದಕ್ಕಿಂತ ದೊಡ್ಡದು. ಫೆಲೋಶಿಪ್ ಐದು ವರ್ಷಕ್ಕೆ ನಿಲ್ಲುತ್ತದೆ. ಪಿಎಚ್‌ಡಿ ಐದು ವರ್ಷಕ್ಕೆ ಮುಗಿಯಬೇಕೆಂದೇನಿಲ್ಲ. ಪ್ರಬಂಧ ಬರೆದು, ಒಪ್ಪಿಸಿ, ಪರೀಕ್ಷಕರ ವರದಿ ಬಂದು, ಮೌಖಿಕ ಪರೀಕ್ಷೆ ಆಗಿ ಡಿಗ್ರಿ ಕೈಗೆ ಬರುವಾಗ ಇನ್ನೂ ಆರು ತಿಂಗಳಿಂದ ಒಂದೂವರೆ ವರ್ಷ ಹೋಗುತ್ತದೆ. ಆ ಹೊತ್ತಿನಲ್ಲಿ ಫೆಲೋಶಿಪ್ ಇಲ್ಲ. ಡಿಗ್ರಿ ಇಲ್ಲದ್ದರಿಂದ ಮುಂದಿನ ಕೆಲಸಕ್ಕೂ ತಡೆ. ನಾನು 2013ರಲ್ಲಿ ಹೀಗೆ ಸಿಕ್ಕಿಬಿದ್ದೆ. ಹದಿನಾಲ್ಕು ತಿಂಗಳು ನಮ್ಮ ಕರಾವಳಿಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಪಾಠ ಮಾಡಿದೆ. ಗೌರವಧನ ಫೆಲೋಶಿಪ್‌ಗಿಂತ ಕಡಿಮೆ. ರಜೆ ತಿಂಗಳುಗಳಲ್ಲಿ ಅದೂ ಇಲ್ಲ. ಆಗ ನನಗೆ 28. ಜತೆಗೆ ಓದಿದ ಗೆಳತಿಯರು ಮನೆ ಕಟ್ಟಿಸುತ್ತಿದ್ದರು.

ಆಮೇಲೆ ಒಂದು ಪ್ರಾಜೆಕ್ಟಿನಲ್ಲಿ ರಿಸರ್ಚ್ ಅಸೋಸಿಯೇಟ್ ಕೆಲಸ ಸಿಕ್ಕಿತು. 2014ರ ಹೊಸ ದರದಲ್ಲಿ ತಿಂಗಳಿಗೆ 36,000. ಅದೇ ಕೆಲಸಕ್ಕೆ ಈಗ ಮೊದಲ ಹಂತದಲ್ಲಿ 58,000, ಎರಡನೇ ಹಂತ 61,000, ಮೂರನೇದು 67,000. ಪ್ರಾಜೆಕ್ಟ್ ಸೈಂಟಿಸ್ಟ್ ಅಂತಲೂ ತೆಗೆದುಕೊಳ್ಳುತ್ತಾರೆ, ಅದರ ಮೊದಲ ಹಂತ 56,000 ಮತ್ತು ಬಾಡಿಗೆ ಭತ್ಯೆ. ಇವೆಲ್ಲ ಒಂದು, ಎರಡು, ಮೂರು ವರ್ಷದ ಕೆಲಸಗಳು. ಪ್ರಾಜೆಕ್ಟ್ ಮುಗಿದ ದಿನ ಕೆಲಸವೂ ಮುಗಿಯಿತು. ಬಹಳ ಚೆನ್ನಾಗಿ ಮಾಡಿದವರಿಗೆ ಇನ್‌ಸ್ಪೈರ್ ಫ್ಯಾಕಲ್ಟಿ ಅಂತ ಐದು ವರ್ಷದ ಫೆಲೋಶಿಪ್ ಇದೆ. ತಿಂಗಳಿಗೆ 1,25,000, ಜತೆಗೆ ಸಂಶೋಧನೆಗೆ ವರ್ಷಕ್ಕೆ 7 ಲಕ್ಷ. ಹೊರದೇಶದಲ್ಲಿದ್ದು ಮರಳಿ ಬರುವವರಿಗೆ ರಾಮಾನುಜನ್ ಫೆಲೋಶಿಪ್, ತಿಂಗಳಿಗೆ 1,35,000. ಇವು ಸಿಗುವುದು ಕೆಲವರಿಗೆ ಮಾತ್ರ. ಸಿಕ್ಕೇ ಸಿಗುತ್ತದೆ ಅಂತ ಮನೆಯ ಲೆಕ್ಕದಲ್ಲಿ ಸೇರಿಸಬೇಡಿ.

ಈಗ ಕಾಯಂ ಹುದ್ದೆ. ನನಗೆ ಸಿಕ್ಕಿದ್ದು 2016ರಲ್ಲಿ, 31ನೇ ವಯಸ್ಸಿಗೆ. ಈಗಿನ ಮಕ್ಕಳಿಗೆ 32-35 ಆಗುವುದು ಸಾಮಾನ್ಯ.

ಕಾರವಾರದ ಲೆಕ್ಕವನ್ನೇ ಮಾಡೋಣ. ಮೀನುಗಾರಿಕೆ ಸಂಶೋಧನಾ ಕೇಂದ್ರ ಕೇಂದ್ರದ ಕೃಷಿ ಸಂಶೋಧನಾ ಮಂಡಳಿಯ ಅಡಿಯಲ್ಲಿ ಬರುತ್ತದೆ. ಅಲ್ಲಿ ಹೊಸ ವಿಜ್ಞಾನಿಯ ಮೂಲವೇತನ 57,700. ಕಾಲೇಜು, ವಿಶ್ವವಿದ್ಯಾಲಯಗಳ ಸಹಾಯಕ ಪ್ರಾಧ್ಯಾಪಕರಿಗೂ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಶ್ರೇಣಿಯಲ್ಲಿ ಇದೇ. ಕೇಂದ್ರದ ತುಟ್ಟಿಭತ್ಯೆ 2025ರ ಜುಲೈನಿಂದ ಶೇಕಡಾ 58, ಅದು 33,466 ರೂಪಾಯಿ. ಕಾರವಾರದಂಥ ಸಣ್ಣ ಊರಿಗೆ ಬಾಡಿಗೆ ಭತ್ಯೆ ಶೇಕಡಾ 10, ಅಂದರೆ 5,770. ಓಡಾಟದ ಭತ್ಯೆ 5,688. ಒಟ್ಟು 1,02,624. ಇದರಲ್ಲಿ ಪಿಂಚಣಿ ಖಾತೆಗೆ ಸುಮಾರು 9,100 ಮುರಿಯುತ್ತಾರೆ. ಸರ್ಕಾರ ತನ್ನ ಪಾಲು ಶೇಕಡಾ 14ರ ಲೆಕ್ಕದಲ್ಲಿ ಸುಮಾರು 12,700 ಹಾಕುತ್ತದೆ. ವೃತ್ತಿ ತೆರಿಗೆ, ವಿಮೆ ಇತ್ಯಾದಿ ಕಳೆದು ಕೈಗೆ 90,000ದ ಹತ್ತಿರ ಬರುತ್ತದೆ.

ಬೇರೆ ಕಡೆ ಸ್ವಲ್ಪ ಹೆಚ್ಚು ಕಡಿಮೆ. ಇಸ್ರೋ, ಬಿಎಆರ್‌ಸಿ, ಡಿಆರ್‌ಡಿಒಗಳಲ್ಲಿ ಹೊಸಬರ ಮೂಲವೇತನ 56,100. ಅಲ್ಲಿಗೆ ಪಿಎಚ್‌ಡಿ ಇಲ್ಲದೆಯೂ 23-24ಕ್ಕೇ ಸೇರಬಹುದು, ಆದರೆ ಹೆಚ್ಚಿನ ಹುದ್ದೆ ಇಂಜಿನಿಯರಿಂಗ್, ಭೌತಶಾಸ್ತ್ರ, ರಸಾಯನಶಾಸ್ತ್ರದವರಿಗೆ. ಗೋವಾದ ಸಮುದ್ರ ವಿಜ್ಞಾನ ಸಂಸ್ಥೆ ಸಿಎಸ್‌ಐಆರ್‌ನದ್ದು. ಅಲ್ಲಿ ಪಿಎಚ್‌ಡಿ ಆದ ವಿಜ್ಞಾನಿ ಸೇರುವಾಗಲೇ 67,700 ಮೂಲವೇತನ, ತುಟ್ಟಿಭತ್ಯೆ ಸೇರಿದರೆ 1,06,966. ಬೆಂಗಳೂರಿನ ಐಐಎಸ್ಸಿ, ಐಐಟಿ, ಐಸರ್‌ಗಳಲ್ಲಿ ಒಂದಷ್ಟು ಅನುಭವ ಆಗಿ ಸಹಾಯಕ ಪ್ರಾಧ್ಯಾಪಕರಾದವರ ಮೂಲವೇತನ 1,01,500ರಿಂದ ಶುರು. ಅಲ್ಲಿಗೆ ಹೋಗುವ ಬಾಗಿಲು ತುಂಬಾ ಕಿರಿದು.

ಕಾಯಂ ಆದ ಮೇಲೆ ಪ್ರತಿ ವರ್ಷ ಶೇಕಡಾ 3ರಷ್ಟು ಏರಿಕೆ ತಾನಾಗಿಯೇ ಬರುತ್ತದೆ. ಬಡ್ತಿಯ ಲೆಕ್ಕ ಬೇರೆ. ಯುಜಿಸಿ ಶ್ರೇಣಿಯಲ್ಲಿ ಪಿಎಚ್‌ಡಿ ಇದ್ದವರಿಗೆ ನಾಲ್ಕು ವರ್ಷಕ್ಕೆ ಮೊದಲ ಮೆಟ್ಟಿಲು, 68,900. ಇನ್ನು ಐದು ವರ್ಷಕ್ಕೆ 79,800. ಅಲ್ಲಿಂದ ಮೂರು ವರ್ಷಕ್ಕೆ ಒಂದು ದೊಡ್ಡ ಹಾರಿಕೆ, 1,31,400. ಇದನ್ನು ಗಮನಿಸಿ. ಮೊದಲ ಒಂಬತ್ತು ವರ್ಷ ಬಡ್ತಿಯಿಂದ ಸಿಗುವುದು ಸ್ವಲ್ಪವೇ. 33ಕ್ಕೆ ಸೇರಿದವರಿಗೆ ನಿಜವಾಗಿ ಕೈ ತುಂಬುವುದು 45ಕ್ಕೆ. ಆಗ ತುಟ್ಟಿಭತ್ಯೆಯೊಂದನ್ನು ಸೇರಿಸಿದರೂ 2,07,000 ದಾಟುತ್ತದೆ. ಪ್ರಾಧ್ಯಾಪಕರ ಮೆಟ್ಟಿಲು 1,44,200. ಇವೆಲ್ಲ 7ನೇ ವೇತನ ಆಯೋಗದ ಅಂಕೆಗಳು. 8ನೇ ಆಯೋಗ 2025ರಲ್ಲಿ ರಚನೆಯಾಗಿದೆ, ಅದರ ಶಿಫಾರಸು ಜಾರಿಯಾದಾಗ ಎಲ್ಲ ಬದಲಾಗುತ್ತವೆ. ನಿಮ್ಮ ಮಗಳು ಸೇರುವ ಹೊತ್ತಿಗೆ ಈ ಮೊತ್ತಗಳು ಇರುವುದಿಲ್ಲ, ಆದರೆ ಮೆಟ್ಟಿಲುಗಳ ನಡುವಿನ ಅಂತರ ಹೆಚ್ಚುಕಡಿಮೆ ಹೀಗೇ ಇರುತ್ತದೆ.

ಪಕ್ಕದ ಮನೆ ಹುಡುಗನ ಜತೆ ಹೋಲಿಸಿ ಅಂದಿರಿ. ಬಿಎಸ್ಸಿ ಮಾಡಿ ತರಬೇತಿ ಮುಗಿಸಿ ಸೈಂಟಿಫಿಕ್ ಅಸಿಸ್ಟೆಂಟ್ ಆದವರ ಮೂಲವೇತನ 35,400. ತುಟ್ಟಿಭತ್ಯೆ ಸೇರಿ 55,932, ಮೇಲೆ ಬೇರೆ ಭತ್ಯೆಗಳು. ಟೌನ್‌ಶಿಪ್‌ನಲ್ಲಿ ಮನೆಯೂ ಸಿಗುತ್ತದೆ. ಅಂದರೆ ನಿಮ್ಮ ಮಗಳು 37,000 ತೆಗೆದುಕೊಳ್ಳುವಾಗ ಅವನ ಕೈಯಲ್ಲಿ ಅದಕ್ಕಿಂತ ಜಾಸ್ತಿ ಇರುತ್ತದೆ. 33ರವರೆಗೂ ಹಾಗೇ. ತಿಂಗಳ ಸಂಬಳದಲ್ಲಿ ಅವನನ್ನು ದಾಟುವುದು ಕಾಯಂ ಆದ ಮೇಲೆ. ಅಷ್ಟು ವರ್ಷ ಹಿಂದೆ ಬಿದ್ದದ್ದನ್ನು ಸರಿದೂಗಿಸಲು ಇನ್ನೂ ಹತ್ತು ವರ್ಷ ಬೇಕು. ಭಾವನವರ ಮಗನ ಕೆಲಸ ಚೆನ್ನಾಗಿ ಸಾಗಿದರೆ, ದುಡ್ಡಿನಲ್ಲಿ ಅವನನ್ನು ದಾಟುವುದು ಕಷ್ಟ. ದುಡ್ಡೇ ಮೊದಲು ಅಂತಿದ್ದರೆ ಈ ದಾರಿ ಬೇಡ ಅಂತ ಮಗಳಿಗೆ ನೇರ ಹೇಳಿ. ಅವಳು ಬೇಕು ಅಂದರೆ, ಗೊತ್ತಿದ್ದೇ ಬೇಕು ಅಂದ ಹಾಗಾಗುತ್ತದೆ.

ಖಾಸಗಿ ಕಂಪನಿ, ವಿದೇಶ ಎರಡನ್ನೂ ಚಿಕ್ಕದಾಗಿ ಹೇಳುತ್ತೇನೆ. ಎಂಎಸ್ಸಿ ಮುಗಿಸಿ ಸೀಗಡಿ ಮರಿ ಕೇಂದ್ರ, ಮೀನಿನ ಆಹಾರದ ಕಂಪನಿ, ಪರಿಸರ ವರದಿ ಮಾಡುವ ಸಂಸ್ಥೆಗಳಿಗೆ ಸೇರಿದ ನನ್ನ ವಿದ್ಯಾರ್ಥಿಗಳು ಶುರುವಿನಲ್ಲಿ 20-30 ಸಾವಿರ ಪಡೆಯುತ್ತಾರೆ. ಚುರುಕಾಗಿದ್ದವರು ಐದಾರು ವರ್ಷದಲ್ಲಿ ಅದನ್ನು ಎರಡು ಮೂರು ಪಟ್ಟು ಮಾಡಿಕೊಂಡಿದ್ದಾರೆ. ವಿದೇಶದ್ದಾದರೆ, ಅಮೆರಿಕದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ಹೊಸ ಪೋಸ್ಟ್‌ಡಾಕ್‌ಗಳಿಗೆ, ಅಂದರೆ ಪಿಎಚ್‌ಡಿ ಮುಗಿಸಿ ಸಂಶೋಧನೆಗೆ ಬಂದವರಿಗೆ, 2024ರಲ್ಲಿ ನಿಗದಿ ಮಾಡಿದ್ದು ವರ್ಷಕ್ಕೆ 61,008 ಡಾಲರ್. ರೂಪಾಯಿಗೆ ತಿರುಗಿಸಿದರೆ 50 ಲಕ್ಷ ಅಂತ ಕಣ್ಣು ಅರಳುತ್ತದೆ. ಆದರೆ ಅಲ್ಲಿ ದುಡಿದದ್ದು ಅಲ್ಲೇ ಖರ್ಚಾಗುತ್ತದೆ, ಬಾಡಿಗೆಗೇ ದೊಡ್ಡ ಪಾಲು ಹೋಗುತ್ತದೆ. ಒಂದೆರಡು ವರ್ಷ ಹೋಗಿ ಕಲಿತು ಬರುವುದು ಒಳ್ಳೆಯದೇ. ಅದನ್ನು ಉಳಿತಾಯದ ದಾರಿ ಅಂತ ನೋಡಬೇಡಿ.

ಅತ್ತೆಯವರ ಚಿಂತೆಗೆ ಬರುತ್ತೇನೆ. ಹಿರಿಯರು ಕೇಳುವುದು ಸಹಜ. ನಾನು ಮದುವೆಯಾದದ್ದು ಪಿಎಚ್‌ಡಿ ನಾಲ್ಕನೇ ವರ್ಷದಲ್ಲಿ. ಫೆಲೋಶಿಪ್‌ನಲ್ಲಿರುವ ಹೆಣ್ಣುಮಕ್ಕಳಿಗೆ ಹೆರಿಗೆ ರಜೆ ಇದೆ, ಆ ರಜೆಯಲ್ಲೂ ಫೆಲೋಶಿಪ್ ಬರುತ್ತದೆ. ಜೆಆರ್‌ಎಫ್ ಪರೀಕ್ಷೆಗೆ ವಯಸ್ಸಿನ ಮಿತಿಯಲ್ಲಿ ಹೆಣ್ಣುಮಕ್ಕಳಿಗೆ ಐದು ವರ್ಷದ ಸಡಿಲಿಕೆ ಇದೆ. ಮಕ್ಕಳಾಗಿ ನಡುವೆ ಕೆಲಸ ಬಿಟ್ಟವರು ಮರಳಿ ಬರಲು ಕೇಂದ್ರದ ವಿಜ್ಞಾನ ಇಲಾಖೆಯ ವೈಸ್-ಕಿರಣ್ ಯೋಜನೆ ಇದೆ. ಕಾನೂನಿನಲ್ಲಿ ಜಾಗ ಇದೆ ಅಕ್ಕಾ. ಮನೆಯಲ್ಲಿ ಜಾಗ ಇರಬೇಕು. ನನ್ನ ಜತೆ ಸೇರಿದ ಆರು ಹುಡುಗಿಯರಲ್ಲಿ ಈಗ ಸಂಶೋಧನೆಯಲ್ಲಿ ಉಳಿದವರು ಇಬ್ಬರು. ಬಿಟ್ಟ ನಾಲ್ವರಲ್ಲಿ ಮೂವರು ಬಿಟ್ಟದ್ದು 28ರಿಂದ 32ರ ನಡುವೆ. 'ಇನ್ನೂ ಕಾಯಂ ಆಗಿಲ್ಲವಲ್ಲ, ಈ ಸಣ್ಣ ದುಡ್ಡಿಗೆ ಯಾಕೆ ದೂರ ಇರ್ತೀಯಾ' ಅನ್ನುವ ಮಾತಿಗೆ ಸೋತು. ಅವರೆಲ್ಲ ನನಗಿಂತ ಚೆನ್ನಾಗಿ ಕೆಲಸ ಮಾಡುತ್ತಿದ್ದವರು. ವರ ನೋಡುವಾಗ ಈ ನಾಲ್ಕೈದು ವರ್ಷದ ವಿಷಯ ಮೊದಲೇ ಬಿಚ್ಚಿ ಮಾತಾಡಿ.

ಇಷ್ಟೆಲ್ಲ ಕಷ್ಟ ಹೇಳಿ, ಮತ್ತೆ ನಾನ್ಯಾಕೆ ಇದರಲ್ಲೇ ಇದ್ದೇನೆ? 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು, 4,801 ಹೆಕ್ಟೇರ್. ಆ ಕೆಸರಿನಲ್ಲಿ ಯಾವ ಚಿಪ್ಪು ಇದೆ, ಯಾವ ಹಕ್ಕಿ ಬರುತ್ತದೆ, ಎಷ್ಟು ಮನೆ ಅದರಿಂದ ಉಣ್ಣುತ್ತದೆ ಅಂತ ವರ್ಷಗಟ್ಟಲೆ ಎಣಿಸಿದವರು ಇಲ್ಲದಿದ್ದರೆ ಅದು ಬರೀ ಹೊಳೆ ಬಾಯಿ. ಅದನ್ನು ಎಣಿಸಿದವರಲ್ಲಿ ಹೆಚ್ಚಿನವರು ಫೆಲೋಶಿಪ್ ದುಡ್ಡಿನ ಹುಡುಗ ಹುಡುಗಿಯರು. ನಮ್ಮ ಹೊಳೆ, ನಮ್ಮ ಕಡಲು ಗೊತ್ತಿರುವ ಇಲ್ಲಿಯ ಮಕ್ಕಳು ಈ ಕೆಲಸಕ್ಕೆ ಬರಬೇಕು ಅನ್ನುವುದು ನನ್ನ ಆಸೆ.

ಕೊನೆಯ ಪ್ರಶ್ನೆ, ಸಾಲ. ತೋಟದ ಮೇಲೆ ಸಾಲ ತೆಗೆಯಬೇಡಿ. ಎಂಎಸ್ಸಿಗೆ ಅದರ ಅಗತ್ಯ ಬೀಳುವುದಿಲ್ಲ, ಪಿಎಚ್‌ಡಿಗೆ ಫೆಲೋಶಿಪ್ ಇಲ್ಲದೆ ಸೇರುವುದೇ ಇಲ್ಲ. ಅದರ ಬದಲು ಒಂದು ಕೆಲಸ ಮಾಡಿ. ಮುಂದಿನ ಎರಡು ಫಸಲಿನಿಂದ ಒಂದಷ್ಟು ತೆಗೆದು, ಅವಳ ಆರು ತಿಂಗಳ ಖರ್ಚಿನಷ್ಟು, ಸುಮಾರು ಒಂದೂವರೆ ಲಕ್ಷ, ಸೊಸೈಟಿಯಲ್ಲಿ ಅವಳ ಹೆಸರಿಗೆ ಠೇವಣಿ ಇಡಿ. ಕೊಳೆ ರೋಗ ಬಂದು ಅಡಿಕೆ ಉದುರಿದ ವರ್ಷ ಕಡಿಮೆ ಇಡಿ, ಒಳ್ಳೆ ವರ್ಷ ಸರಿದೂಗಿಸಿ. ಅದು ಮೊದಲ ಖಾಲಿ ತಿಂಗಳುಗಳಿಗೆ. ಫೆಲೋಶಿಪ್ ಒಟ್ಟಿಗೆ ಬಂದ ದಿನ ಅವಳು ಅದನ್ನು ಮತ್ತೆ ತುಂಬಿಡಲಿ. ಆಮೇಲೆ ಪ್ರತಿ ತಿಂಗಳು ಐದು ಸಾವಿರ ಅದರ ಮೇಲೆ ಸೇರಿಸುತ್ತಾ ಹೋಗಲಿ. ಐದು ವರ್ಷಕ್ಕೆ ಮೂರು ಲಕ್ಷ ಆಗುತ್ತದೆ. ಎರಡನೇ ಖಾಲಿ ಬಂದಾಗ, ಡಿಗ್ರಿ ಕಾಗದಕ್ಕೆ ಕಾಯುವ ತಿಂಗಳುಗಳಲ್ಲಿ, ಅವಳು ಯಾರ ಮುಂದೆಯೂ ಕೈ ಚಾಚಬೇಕಾಗುವುದಿಲ್ಲ. ಎಂಎಸ್ಸಿ ಎರಡನೇ ವರ್ಷದಲ್ಲೇ ನೆಟ್‌ಗೆ ಅರ್ಜಿ ಹಾಕಬಹುದು, ಫಲಿತಾಂಶ ಬರುವವರೆಗೆ ಕಾಯಬೇಕಾಗಿಲ್ಲ ಅಂತ ಅವಳಿಗೆ ಇವತ್ತೇ ಹೇಳಿ.